ಬಾವಿಯೊಳಗಿನ ಕೆಮ್ಮು

ಕಾಂಕ್ರೀಟು ಕೊಯ್ಯುವ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗರು ಸುರಪುರದ ನಮ್ಮ ಮನೆಗೆ ಬಂದರೆ, ಚಹಾ ಮುಗಿಯುವವರೆಗೆ ಮಷೀನುಗಳ ಬಗ್ಗೆ ಕೇಳುತ್ತಾರೆ. ಕಪ್ಪು ಕೆಳಗಿಟ್ಟ ಮೇಲೆ, ನಿಜವಾಗಿ ಕೇಳಲು ಬಂದದ್ದನ್ನು ಕೇಳುತ್ತಾರೆ.

“ಸಾಹೇಬ್ರ, ತಿಂಥಣಿ ಕಡಿ ಆ ಹಳೇ ಜಾಕ್‌ವೆಲ್‌ನ್ಯಾಗ ದೆವ್ವ ಅದ ಅಂತಲ್ರಿ, ಖರೇ ಏನ್ರಿ?”

ನನ್ನ ಹೆಸರು ಶಾಂತಪ್ಪ. ಆ ಹೆಸರಿಗೂ ನನಗೂ ಯಾವ ಸಂಬಂಧವೂ ಇಲ್ಲವೆಂದು ನನ್ನ ಕೈಕೆಳಗೆ ದುಡಿದವರೆಲ್ಲ ಹೇಳುತ್ತಾರೆ. ಈ ಪ್ರಶ್ನೆ ಕೇಳಿದ ಕೂಡಲೇ ನನಗೆ ಸಿಟ್ಟು ನೆತ್ತಿಗೇರುತ್ತದೆ. ಬ್ಲೇಡಿಗೆ ನೀರು ಎಷ್ಟು ಬಿಡಬೇಕು, ಮಾಸ್ಕು ಮುಖಕ್ಕೆ ಸರಿಯಾಗಿ ಕೂತಿದೆಯೋ ಇಲ್ಲವೋ ಹೇಗೆ ನೋಡಬೇಕು ಎಂದು ಒಬ್ಬನಾದರೂ ಕೇಳುವುದಿಲ್ಲ. ದೆವ್ವದ ವಿಳಾಸ ಮಾತ್ರ ಎಲ್ಲರಿಗೂ ಬೇಕು. ಆದರೂ ಬೈದು ಕಳಿಸಲು ಮನಸ್ಸು ಬರುವುದಿಲ್ಲ, ಯಾಕೆಂದರೆ ಆ ಬಾವಿಯಲ್ಲಿ ಹಾಡುಹಗಲು ನಾನೇ ನನ್ನ ಕಿವಿಯಾರೆ ಕೇಳಿದ್ದೇನೆ.

ಯಾದಗಿರಿ, ಶಹಾಪುರ, ಸುರಪುರ, ಈ ಮೂರು ಊರುಗಳ ನಡುವೆಯೇ ನನ್ನ ದುಡಿಮೆಯ ಆಯುಷ್ಯ ಕಳೆಯಿತು. ಕಾಂಕ್ರೀಟು ಕೊಯ್ಯುವ, ಉಜ್ಜುವ, ತೂತು ಹೊಡೆಯುವ ಗುತ್ತಿಗೆ ಕೆಲಸಗಳಿಗೆ ನಾನು ಫೋರ್ಮನ್ ಆಗಿದ್ದೆ. ಯಾವಾಗ ಯಾವ ಹುದ್ದೆಗೆ ಏರಿದೆ ಎಂದು ಬರೆಯಲು ಹೋಗುವುದಿಲ್ಲ, ಅದರಿಂದ ಯಾರಿಗೂ ಉಪಯೋಗವಿಲ್ಲ. ಬೋನಾಳದ ಭೀಮರಾಯನ ವಿಷಯ ಬರೆಯುತ್ತೇನೆ. ನಾನು ಕಂಡವರಲ್ಲಿ ಅವನಷ್ಟು ನೇರವಾಗಿ ಕಟರ್ ಹಿಡಿಯುವವನು ಇನ್ನೊಬ್ಬನಿರಲಿಲ್ಲ. ಅವನನ್ನು ಬದುಕಿರುವಾಗಲೇ ದೂಳಿನಿಂದ ಹೊರಗೆ ತರಬೇಕೆಂದು ನಾನು ಮಾಡಿದ ಹೆಣಗಾಟವೇ ಈ ಬರಹ.

ಭೀಮರಾಯನಿಗಿಂತ ಮೊದಲು ಅವನ ಅಣ್ಣ ಮಲ್ಲಪ್ಪನ ಬಗ್ಗೆ ಹೇಳಬೇಕು. ತಮ್ಮನಿಗೆ ಈ ಕೆಲಸ ಕಲಿಸಿದವನು ಅವನೇ. ತಂದೆ ಬೇಗ ತೀರಿಕೊಂಡಿದ್ದರಿಂದ ಭೀಮರಾಯನನ್ನು ಬೆಳೆಸಿದವನೂ ಅವನೇ. ನಾನು ಫೋರ್ಮನ್ ಆದ ಹೊಸದರಲ್ಲಿ ಎಲ್ಲ ಕೆಲಸವೂ ಒಣ ಕೆಲಸ. ವಜ್ರದ ಬ್ಲೇಡು ಗೋಡೆಗೆ ತಾಗಿದ ಕೂಡಲೇ ಬಿಳಿ ದೂಳು ಎದ್ದು ಕೋಣೆ ತುಂಬುತ್ತಿತ್ತು. ಸದ್ದಿನ ಮೇಲೆ ಅಂದಾಜು ಮಾಡಿಕೊಂಡು ಕೊಯ್ಯುತ್ತಿದ್ದೆವು. ಸಂಜೆ ಮಷೀನು ನಿಲ್ಲಿಸಿ ಹೊರಗೆ ಬಂದರೆ ನಮ್ಮಲ್ಲಿ ಯಾರು ಯಾರೆಂದು ನಮಗೇ ಗೊತ್ತಾಗುತ್ತಿರಲಿಲ್ಲ. ಹುಬ್ಬು, ರೆಪ್ಪೆ, ಮೀಸೆ ಎಲ್ಲ ಬಿಳಿ. ಮಾತಾಡಲು ಬಾಯಿ ತೆರೆದಾಗ ಮಾತ್ರ ಒಳಗೆ ಕೆಂಪು ಕಾಣುತ್ತಿತ್ತು.

ಶಹಾಪುರದಲ್ಲಿ ಒಂದು ಅಂಗಡಿಯ ಗೋಡೆ ಒಡೆದು ಬಾಗಿಲು ಮಾಡುವ ಕೆಲಸವಿತ್ತು. ಕೆಲಸ ಬಿಟ್ಟು ನಾವು ಸಾಲಾಗಿ ಹೊರಗೆ ಬರುವಾಗ ಅಂಗಡಿಯವರ ಮನೆಯ ಮುದುಕಿ ಕಟ್ಟೆಯ ಮೇಲೆ ಕೂತಿದ್ದಳು. ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದಳು. “ಯವ್ವಾ, ಇವರೆಲ್ಲಾ ಎಲ್ಲಿಂದ ಎದ್ದು ಬಂದಾರs” ಎಂದವಳೇ ಒಳಗೆ ಹೋಗಿ ಅಗಳಿ ಹಾಕಿಕೊಂಡಳು. ನಾವು ಬಿದ್ದು ಬಿದ್ದು ನಕ್ಕೆವು. ಎಲ್ಲರಿಗಿಂತ ಜೋರಾಗಿ ಮಲ್ಲಪ್ಪ ನಕ್ಕ, ನಗುತ್ತಲೇ ಕೆಮ್ಮತೊಡಗಿದ.

ಆಗ ನಮ್ಮ ಔಷಧವೆಂದರೆ ಬೆಲ್ಲ. ಕೆಲಸ ಮುಗಿದ ಮೇಲೆ ಪ್ರತಿಯೊಬ್ಬನೂ ಒಂದು ಹೆಂಟೆ ಬೆಲ್ಲ ಬಾಯಿಗೆ ಹಾಕಿಕೊಳ್ಳಬೇಕು, ಅದು ಗಂಟಲಿನ ದೂಳನ್ನೆಲ್ಲ ಹಿಡಿದುಕೊಂಡು ಕೆಳಗಿಳಿಸುತ್ತದೆ ಎಂದು ನಮ್ಮ ನಂಬಿಕೆ. ಮಲ್ಲಪ್ಪನ ಅಂಗಿಯ ಕಿಸೆಯಲ್ಲಿ ಯಾವಾಗಲೂ ಬೆಲ್ಲದ ಪೊಟ್ಟಣ. ಒದ್ದೆ ಟವೆಲು ಮುಖಕ್ಕೆ ಸುತ್ತಿಕೊಂಡು, ಬೆಲ್ಲ ಚೀಪುತ್ತಾ, ತನಗೆ ಏನೂ ಆಗುವುದಿಲ್ಲ ಎಂದುಕೊಂಡು ದುಡಿದ. ಈಗ ಸೇರುವ ಹುಡುಗರೂ ಬೆಲ್ಲ ತರುತ್ತಾರೆ. ತಿನ್ನಿರಪ್ಪ, ನಾಲಿಗೆಗೆ ಒಳ್ಳೆಯದು. ಬೆಲ್ಲ ಹೋಗುವುದು ಹೊಟ್ಟೆಗೆ, ದೂಳು ಹೋಗುವುದು ಎದೆಗೆ. ಅವೆರಡೂ ಒಳಗೆ ಎಲ್ಲಿಯೂ ಭೇಟಿಯಾಗುವುದಿಲ್ಲ.

ಮಲ್ಲಪ್ಪನ ಕೆಮ್ಮಿಗೆ ಒಂದು ರೀತಿಯಿತ್ತು. ಮೊದಲು ಎರಡು ಸಣ್ಣ ಒಣ ಕೆಮ್ಮು, ಆಮೇಲೆ ಎಳೆದು ಎಳೆದು ಒಂದು ದೊಡ್ಡದು, ಕೊನೆಗೆ ಏನೋ ಹೇಳಲು ಹೊರಟವನ ಹಾಗೆ “ಹ್ಮ್” ಎಂದು ಗಂಟಲು ಸರಿ ಮಾಡಿಕೊಳ್ಳುವುದು. ಪಕ್ಕದ ಕೋಣೆಯಲ್ಲಿ ಕೆಮ್ಮಿದರೂ ಮಲ್ಲಪ್ಪನೇ ಎಂದು ಹೇಳಬಹುದಾಗಿತ್ತು. ಟಿ.ಬಿ. ಎಂದು ಗುಳಿಗೆ ಕೊಟ್ಟರು. ತಪ್ಪದೆ ನುಂಗಿದ, ಕೆಮ್ಮು ಹೋಗಲಿಲ್ಲ. ಆಳು ಒಣಗುತ್ತಾ ಬಂದು, ಕೊನೆಗೆ ತನ್ನ ಮನೆಯ ಹೊಸ್ತಿಲು ದಾಟಲು ಗೋಡೆ ಹಿಡಿಯಬೇಕಾಯಿತು. ಕಲಬುರಗಿಯ ಡಾಕ್ಟರೊಬ್ಬರು “ಇವನು ಏನು ಕೆಲಸ ಮಾಡುತ್ತಾನೆ?” ಎಂದು ಕೇಳಿದಾಗಲೇ ನಾವು ಸಿಲಿಕೋಸಿಸ್ ಎಂಬ ಹೆಸರು ಕೇಳಿದ್ದು. ಉಸುಕಿನೊಳಗಿನ, ಕಲ್ಲಿನೊಳಗಿನ ಆ ನುಣ್ಣನೆಯ ಪುಡಿ ಎದೆಗೆ ಹೊಕ್ಕರೆ ಹೊರಗೆ ಬರುವುದಿಲ್ಲ, ಅಲ್ಲಿಯೇ ಗಾಯ ಮಾಡಿ ಗಟ್ಟಿಯಾಗುತ್ತದೆ, ಅದಕ್ಕೆ ಮದ್ದಿಲ್ಲ ಎಂದು ಅವರು ಹೇಳಿದರು. ಆ ಮಳೆಗಾಲ ಮುಗಿಯುವುದರೊಳಗೆ ಮಲ್ಲಪ್ಪ ಹೋಗಿಬಿಟ್ಟ.

ಆಮೇಲೆ ನಾನು ಒಣ ಕೆಲಸ ಬಿಡಿಸಲು ಜಗಳಕ್ಕೆ ನಿಂತೆ. ಯಾದಗಿರಿಯ ಒಂದು ಹಳೆಯ ಕಟ್ಟಡದಲ್ಲಿ ಮೊದಲ ಸಲ ನೀರು ಬಿಟ್ಟುಕೊಂಡು ಕೊಯ್ದೆವು. ಬ್ಲೇಡಿನ ಮೇಲೆ ಸಣ್ಣಗೆ ನೀರು ಬೀಳುತ್ತಿದ್ದರೆ ದೂಳು ಏಳುವುದೇ ಇಲ್ಲ, ಬಿಳಿ ರಾಡಿಯಾಗಿ ಗೋಡೆಗುಂಟ ಇಳಿಯುತ್ತದೆ. ಭೀಮರಾಯ ಮಾಸ್ಕು ತೆಗೆದು ತನ್ನ ಮುಖ ಮುಟ್ಟಿ ನೋಡಿಕೊಂಡ. “ಸಾಹೇಬ್ರ, ನಾ ಇವತ್ತ ಕರ್ರಗs ಅದೀನ್ರಿ!” ಎಂದು ಕುಣಿದಾಡಿದ. ದೂಳನ್ನು ಕೊಂದೆವು ಎಂದುಕೊಂಡು, ರಾಡಿಯನ್ನು ನೆಲದ ಮೇಲೆಯೇ ಬಿಟ್ಟು ಅಮಾವಾಸ್ಯೆಯ ರಜೆಗೆ ಊರಿಗೆ ಹೋದೆವು.

ತಿರುಗಿ ಬಂದಾಗ ನೆಲವೆಲ್ಲ ಒಣಗಿ ಬೆಳ್ಳಗಾಗಿತ್ತು. ಭೀಮರಾಯನ ಹೆಂಡತಿ ನಾಗಮ್ಮ ನಮ್ಮಲ್ಲಿ ಕಸ ತೆಗೆಯುವ ಕೆಲಸಕ್ಕಿದ್ದಳು. ಪೊರಕೆ ಹಿಡಿದು ಬಳಿಯಲು ಸುರು ಮಾಡಿದಳು. ನಾವು ಹಿಂದಿನ ಸಲ ಕೊಯ್ದ ಕಿಟಕಿಯ ಕಂಡಿಯಿಂದ ಬೆಳಗಿನ ಬಿಸಿಲು ಓರೆಯಾಗಿ ಒಳಗೆ ಬೀಳುತ್ತಿತ್ತು. ಆ ಬಿಸಿಲಿನಲ್ಲಿ ಏನೋ ನೆಲದಿಂದ ಮೆಲ್ಲಗೆ ಎದ್ದು ನಿಂತಿತು. ಮೊಣಕಾಲೆತ್ತರ, ಸೊಂಟದೆತ್ತರ, ಆಮೇಲೆ ನಾಗಮ್ಮನ ತಲೆಯ ಮೇಲೆ. ಬಿಸಿಲಿನ ಪಟ್ಟೆಯ ಆಚೆ ಈಚೆ ಗಾಳಿ ನಿರ್ಮಲವಾಗಿ ಕಾಣುತ್ತಿತ್ತು. ಪಟ್ಟೆಯ ಒಳಗೆ ಮಾತ್ರ ಅದು ಹೊಯ್ದಾಡುತ್ತಿತ್ತು. ನಾಗಮ್ಮ ಪೊರಕೆ ಒಗೆದು ಹಿಂದೆ ಸರಿದಳು.

“ನೀರ ಹಾಕಿ ಕೊಂದೀವಿ ಅಂದ್ರಲ್ರಿ. ನೋಡ್ರಿ ಇಲ್ಲಿ, ಎದ್ದು ಬಂದಾದ.”

ರಾಡಿ ಹಸಿಯಿರುವಾಗಲೇ ಬಳಿದು ಚೀಲಕ್ಕೆ ತುಂಬಬೇಕು, ಒಣ ಪೊರಕೆ ಮುಟ್ಟಲೇಬಾರದು ಎಂಬುದನ್ನು ಅವತ್ತು ಕಲಿತೆವು. ಅದಕ್ಕಿಂತ ದೊಡ್ಡದೊಂದನ್ನೂ ಕಲಿತೆ. ಕಣ್ಣಿಗೆ ಕಾಣುವ ದಪ್ಪ ದೂಳು ಬೇಗ ಕೆಳಗೆ ಕೂರುತ್ತದೆ. ಮನುಷ್ಯನನ್ನು ತಿನ್ನುವ ದೂಳು ಗಾಳಿಯಲ್ಲಿಯೇ ಉಳಿಯುತ್ತದೆ, ಕಾಣುವುದಿಲ್ಲ. ಎದುರಿನಿಂದ ಬೆಳಕು ಬಿದ್ದರೆ ಮಾತ್ರ ತನ್ನ ಇರವು ತೋರಿಸುತ್ತದೆ. ಅಂದಿನಿಂದ ನಾನು ಯಾವ ಕೋಣೆಗೆ ಹೋದರೂ ಮೊದಲು ಬ್ಯಾಟರಿ ಹಚ್ಚಿ ಓರೆಯಾಗಿ ಹಿಡಿದು ನೋಡುವುದನ್ನು ರೂಢಿ ಮಾಡಿಕೊಂಡೆ. ಮದುವೆ ಮನೆಯಲ್ಲಿಯೂ ಹಾಗೆ ಮಾಡಿ ಹೆಂಡತಿಯಿಂದ ಬೈಸಿಕೊಂಡಿದ್ದೇನೆ.

ಇನ್ನು ಜಾಕ್‌ವೆಲ್‌ಗೆ ಬರುತ್ತೇನೆ.

ತಿಂಥಣಿಯಿಂದ ತುಸು ದೂರ, ಕೃಷ್ಣೆಯ ದಂಡೆಯ ಮೇಲೆ, ಬಳಕೆ ತಪ್ಪಿದ ಒಂದು ಜಾಕ್‌ವೆಲ್ ಇತ್ತು. ನದಿಯ ನೀರನ್ನು ಒಳಗೆ ಬಿಟ್ಟುಕೊಂಡು ಮೋಟಾರಿನಿಂದ ಮೇಲೆತ್ತಲು ಕಟ್ಟಿದ, ಕಾಂಕ್ರೀಟಿನ ಆಳವಾದ ದುಂಡು ಬಾವಿ ಅದು. ಮೇಲೆ ಚಪ್ಪಡಿ ಮುಚ್ಚಿದೆ. ಚಪ್ಪಡಿಯಲ್ಲಿ ಒಬ್ಬ ಇಳಿಯುವಷ್ಟು ಕಿಂಡಿ, ಕಿಂಡಿಯಿಂದ ತಳದವರೆಗೆ ಕಬ್ಬಿಣದ ಏಣಿ. ಬೇಸಿಗೆಯಲ್ಲಿ ನದಿ ಇಳಿದಾಗ ಗೇಟು ಹಾಕಿ ತಳ ಒಣಗಿಸಿದ್ದರು. ಒಳಗಿನ ಗೋಡೆಯನ್ನೆಲ್ಲ ಗ್ರೈಂಡರಿನಿಂದ ಉಜ್ಜಬೇಕು, ಹೊಸ ಪೈಪಿಗೆ ಗೋಡೆಯಲ್ಲಿ ದೊಡ್ಡ ಕಂಡಿ, ಮೇಲಿನ ಚಪ್ಪಡಿಯಲ್ಲಿ ದುಂಡು ತೂತು ಕೊಯ್ಯಬೇಕು. ಮಳೆ ಬಂದು ನದಿ ಏರುವುದರೊಳಗೆ ಮುಗಿಯಬೇಕು.

ಆ ಕೆಲಸದ ಮೇಲಿದ್ದ ಎಂಜಿನಿಯರು ದೇಸಾಯಿ ಸಾಹೇಬರು. ಕೆಟ್ಟವರಲ್ಲ, ಅವಸರದವರು. ನಾನು ನೀರು ಬಿಟ್ಟುಕೊಂಡೇ ಉಜ್ಜುತ್ತೇವೆ ಎಂದೆ.

“ಶಾಂತಪ್ಪ, ತಲಿ ಅದ ಏನ್ ನಿನಗ? ಬಾವ್ಯಾಗ ನೀರ, ಕೈಯಾಗ ಕರೆಂಟಿನ ಮಷೀನ್. ಒಬ್ಬಂವ ಸತ್ತರ ಜೇಲಿಗಿ ನೀ ಹೋಗ್ತಿ ಏನ್?”

ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. “ಹಂಗಾದ್ರ ದೂಳು ಎಳಿಯೋ ಮಷೀನ್ ತರಸ್ರಿ. ಗಾಳಿ ಹೊರಗ ಹಾಕಾಕ ದೊಡ್ಡ ಫ್ಯಾನ್ ತರಸ್ರಿ” ಎಂದೆ.

“ತರಸ್ತೀನಿ. ಅಲ್ಲೀ ಮಟಾ ಬಾವಿ ನೋಡಕೋಂತ ಕೂಡಬ್ಯಾಡ. ಕೆಲಸ ಸುರು ಮಾಡು.”

ಮಷೀನು ಹೈದರಾಬಾದಿನಿಂದ ಬರಬೇಕಿತ್ತು. ಎರಡೂ ಕಡೆ ಫಿಲ್ಟರು ಇರುವ ರಬ್ಬರಿನ ಮಾಸ್ಕು ಮೊದಲೇ ಬಂದವು. ಅವನ್ನು ಹಾಕಿಸಿ ಒಣ ಕೆಲಸ ಸುರು ಮಾಡಿಸಿದೆ. ಗ್ರೈಂಡರ್ ಓಡುವಾಗ ಎಲ್ಲರೂ ಹಾಕಿಕೊಳ್ಳುತ್ತಿದ್ದರು. ಗ್ರೈಂಡರ್ ನಿಂತಿತೋ, ಮಾಸ್ಕು ಹಣೆಗೆ ಏರುತ್ತಿತ್ತು.

ನಮ್ಮ ಕಡೆಯ ಬೇಸಿಗೆ ಗೊತ್ತಿಲ್ಲದವರಿಗೆ ಮುಂದಿನದು ಅರ್ಥವಾಗುವುದಿಲ್ಲ. ಮಧ್ಯಾಹ್ನ ನದಿಯ ದಂಡೆಯ ಬಂಡೆಯ ಮೇಲೆ ಬರಿಗಾಲು ಇಡಲಾಗದು. ನೆರಳೆಂದರೆ ಎರಡು ಜಾಲಿಗಿಡ, ಅವುಗಳ ನೆರಳೂ ಬಿಸಿ. ಬಾವಿಯ ತಳದಲ್ಲಿ ಮಾತ್ರ ತಂಪು. ನಮ್ಮವರು ಊಟ ಮುಗಿಸಿ ಸೀದಾ ಕೆಳಗಿಳಿದು, ಒದ್ದೆ ಟವೆಲು ಹಾಸಿ, ಗೋಡೆಗುಂಟ ಮಲಗಿಬಿಡುತ್ತಿದ್ದರು. ಮುಂಜಾನೆಯೆಲ್ಲ ಉಜ್ಜಿದ ದೂಳು ಹೊರಗೆ ಹೋಗಲು ದಾರಿಯಿಲ್ಲದೆ ಅಲ್ಲಿಯೇ ಇರುತ್ತಿತ್ತು. ದಪ್ಪದ್ದು ಕೂತಿರುವುದರಿಂದ ಗಾಳಿ ತಿಳಿಯಾಗಿ ಕಾಣುತ್ತಿತ್ತು. ನಾನು ಬೈದೆ, ಗದರಿಸಿದೆ, ಮಲ್ಲಪ್ಪನ ಹೆಸರು ಹೇಳಿದೆ. “ಈಗೆಲ್ಲಿ ಅದರಿ ದೂಳು? ಕನ್ನಡಿ ಆಗ್ಯಾದ ಗಾಳಿ” ಎಂದು ನಗುತ್ತಾ ಇಳಿದರು.

ನನ್ನ ಬೈಗುಳಕ್ಕೆ ಆಗದ ಕೆಲಸ ದೆವ್ವದಿಂದ ಆಯಿತು. ಒಂದು ಮಧ್ಯಾಹ್ನ ಮಲಗಿದ್ದವರೆಲ್ಲ ಒಬ್ಬರ ಮೇಲೊಬ್ಬರು ಬಿದ್ದು ಏಣಿ ಹತ್ತಿ ಬಂದರು. ಕೆಳಗೆ ಯಾರೋ ಕೆಮ್ಮಿದರಂತೆ. ಮಲಗಿದ್ದವರ ಪಕ್ಕದಿಂದಲ್ಲ, ಎದುರುಗಡೆ, ಯಾರೂ ಇಲ್ಲದ ಗೋಡೆಯ ಕಡೆಯಿಂದ. ಎರಡು ಸಣ್ಣದು, ಒಂದು ದೊಡ್ಡದು, ಆಮೇಲೆ “ಹ್ಮ್”. ಹಳಬರು ಆ ಕೆಮ್ಮನ್ನು ಗುರುತು ಹಿಡಿದಿದ್ದರು. ಹೆಸರು ಹೇಳಲು ಯಾರಿಗೂ ಧೈರ್ಯವಾಗಲಿಲ್ಲ.

ಮರುದಿನ ಕಿಂಡಿಯ ಬಾಯಿಗೆ ಊದುಬತ್ತಿ ಹಚ್ಚಿದರು, ತೆಂಗಿನಕಾಯಿ ಒಡೆದರು. ಮಧ್ಯಾಹ್ನ ಮಲಗಲು ಬಾವಿಗೆ ಇಳಿಯುವುದು ನಿಂತಿತು. ಜಾಲಿಗಿಡದ ಬಿಸಿ ನೆರಳಿನಲ್ಲಿ ಬೆವರುತ್ತಾ ಕೂತರೂ ಸರಿ, ಒಬ್ಬನೂ ಕೆಳಗೆ ಮಲಗಲಿಲ್ಲ. ನನಗೆ ಖುಷಿಯಾಯಿತು. ದೆವ್ವಕ್ಕೆ ಸಂಬಳ ಕೊಟ್ಟು ಇಟ್ಟುಕೊಳ್ಳಬೇಕು ಎಂದು ದೇಸಾಯಿ ಸಾಹೇಬರಿಗೆ ಫೋನಿನಲ್ಲಿ ಹೇಳಿ ನಕ್ಕೆ. ಅವರು ನಗಲಿಲ್ಲ, ಕೆಲಸ ಎಷ್ಟಾಯಿತು ಎಂದು ಕೇಳಿದರು.

ಆದರೆ ಜಾಲಿಗಿಡದ ಕೆಳಗೆ ಕೂತವರಲ್ಲಿ ಭೀಮರಾಯ ಇರಲಿಲ್ಲ. ಊಟ ಮುಗಿಸಿ ಸುಮ್ಮನೆ ಎದ್ದು ಹೋಗುತ್ತಿದ್ದ, ಕೆಲಸ ಸುರುವಾಗುವ ಹೊತ್ತಿಗೆ ಬರುತ್ತಿದ್ದ. ನದಿಗೆ ಹೋಗುತ್ತಾನೆ ಎಂದುಕೊಂಡಿದ್ದೆ. ನಾಗಮ್ಮ ನನ್ನನ್ನು ಬದಿಗೆ ಕರೆದು ಹೇಳಿದಳು.

“ಸಾಹೇಬ್ರ, ಆತ ಬಾವ್ಯಾಗ ಇಳಿತಾನ್ರಿ. ದಿನಾ. ನಾ ಬ್ಯಾಡ ಅಂದ್ರ ಕೇಳವಲ್ಲ. ಮಾರಿ ನೋಡ್ರಿ, ನಗಾಕತ್ತಾನ. ಅವರಣ್ಣ ಹ್ವಾದ ಮ್ಯಾಲ ಆತ ಹಿಂಗ ನಕ್ಕಿದ್ದಿಲ್ರಿ. ನನಗ ಅಂಜಕಿ ಆಗ್ಯಾದ.”

ಭೀಮರಾಯನನ್ನು ಹಿಡಿದು ಕೇಳಿದೆ. ಮುಚ್ಚಿಡಲಿಲ್ಲ.

“ಕೆಳಗ ಅಣ್ಣ ಅದಾನ್ರಿ.”

“ಏನ್ ಮಾತಾಡ್ತಿಯೋ?”

“ಖರೇ ಹೇಳ್ತೀನ್ರಿ. ಮಂದಿ ಸುಮ್ಕ ಅಂಜ್ಯಾರ. ಆತ ಏನ್ ಮಾಡ್ತಾನ್ರಿ ಯಾರಿಗಿ? ನಾ ಹೋಗಿ ಕುಂದ್ರತೀನಿ. ಸ್ವಲ್ಪ ಹೊತ್ತಿಗಿ ಆ ಕಡಿಂದ ಕೆಮ್ಮತಾನ. ನನ್ನ ಜೀವಕ್ಕ ತಣ್ಣಗ ಅನಸ್ತದ. ಅಲ್ಲೇ ನಿದ್ದಿ ಹತ್ತತದ್ರಿ.”

ದೆವ್ವಕ್ಕೆ ಹೆದರುವವರನ್ನು ದೂಳಿನಿಂದ ಹೊರಗಿಡಬಹುದು. ದೆವ್ವವನ್ನು ಪ್ರೀತಿಸುವವನನ್ನು ಏನು ಮಾಡುವುದು? ಕಿಂಡಿಗೆ ಬೀಗ ಹಾಕಿಸುತ್ತೇನೆ ಎಂದೆ. ಅವನು ನನ್ನ ಕೈ ಹಿಡಿದುಕೊಂಡ. “ಹಾಕಬ್ಯಾಡ್ರಿ ಸಾಹೇಬ್ರ. ಒಮ್ಮಿ ಬಂದು ಕೇಳ್ರಿ. ಆಮ್ಯಾಲ ಏನ್ ಬೇಕಾದ್ದು ಮಾಡ್ರಿ” ಎಂದ.

ಮರುದಿನ ಮಧ್ಯಾಹ್ನ ಇಬ್ಬರೂ ಇಳಿದೆವು. ನಾನು ಮಾಸ್ಕು ಹಾಕಿಕೊಂಡೆ, ಅವನಿಗೂ ಹಾಕಿಸಿದೆ. ಏಣಿ ಇಳಿಯುತ್ತಾ ಹೋದ ಹಾಗೆ ಮೇಲಿನವರ ಮಾತು ಸಣ್ಣದಾಗಿ, ಆಮೇಲೆ ಪೂರ್ತಿ ನಿಂತುಹೋಯಿತು. ತಳದಲ್ಲಿ ನನ್ನ ಉಸಿರು ನನಗೇ ದೊಡ್ಡದಾಗಿ ಕೇಳಿಸುತ್ತಿತ್ತು. ಪೈಪಿಗಾಗಿ ಚಪ್ಪಡಿಯಲ್ಲಿ ನಾವು ಹೊಡೆದಿದ್ದ ದುಂಡು ತೂತಿನಿಂದ ನಡುಹಗಲಿನ ಬಿಸಿಲು ನೆಟ್ಟಗೆ ಕೆಳಗೆ ಬಿದ್ದು, ಬಾವಿಯ ನಡುವೆ ಒಂದು ಬೆಳಕಿನ ಕಂಬ ನಿಂತಿತ್ತು. ಆ ಕಂಬದ ಒಳಗೆ ದೂಳು ಮೆಲ್ಲಗೆ ಮೇಲೇರುತ್ತಿತ್ತು, ಇಳಿಯುತ್ತಿತ್ತು. ಕಂಬದ ಹೊರಗೆ ಬರೀ ತಿಳಿ ಕತ್ತಲು. ಎಲ್ಲರೂ ಮಲಗುತ್ತಿದ್ದ ಜಾಗದಲ್ಲಿ, ಬೂದಿ ಬಣ್ಣದ ನೆಲದ ಮೇಲೆ, ಮೈಗಳ ಗುರುತು ಹಾಗೆಯೇ ಉಳಿದಿತ್ತು. ತಲೆ, ಹೆಗಲು, ಮಡಚಿದ ಮೊಣಕಾಲು. ಸಾಲಾಗಿ ಮಲಗಿದವರು ಎದ್ದು ಹೋಗಿ ತಮ್ಮ ಆಕಾರವನ್ನಷ್ಟೇ ಅಲ್ಲಿ ಬಿಟ್ಟಿದ್ದರು.

ಭೀಮರಾಯ ತನ್ನ ಜಾಗದಲ್ಲಿ ಹೋಗಿ ಕೂತ. ಮಾಸ್ಕು ಹಣೆಗೆ ಏರಿಸಿದ. ಹಾಕಿಕೋ ಎಂದು ಕೈಸನ್ನೆ ಮಾಡಿದೆ. ಅವನು ಬಾಯಿಗೆ ಬೆರಳಿಟ್ಟು ಸುಮ್ಮನಿರಿ ಎಂದ. ಕಣ್ಣು ಎದುರಿನ ಗೋಡೆಯ ಮೇಲಿತ್ತು.

ಆಗ ಕೇಳಿಸಿತು. ಎದುರಿನ ಗೋಡೆಯಿಂದ, ಆಳೆತ್ತರಕ್ಕಿಂತ ತುಸು ಮೇಲಿನಿಂದ, ಎರಡು ಸಣ್ಣ ಒಣ ಕೆಮ್ಮು. ಆಮೇಲೆ ಎಳೆದು ಎಳೆದು ಒಂದು ದೊಡ್ಡದು. ಆಮೇಲೆ “ಹ್ಮ್”. ಮಲ್ಲಪ್ಪನ ಜೊತೆ ವರ್ಷಗಟ್ಟಲೆ ಕೆಲಸ ಮಾಡಿದವನು ನಾನು. ಅದು ಮಲ್ಲಪ್ಪನ ಕೆಮ್ಮೇ. ಓಡಿಹೋಗಬೇಕು ಎನಿಸಿ ಏಣಿಯ ಕಡೆ ತಿರುಗಿದೆ.

“ಕೇಳಿದ್ರಿ?” ಎಂದ ಭೀಮರಾಯ. ಹಬ್ಬದ ದಿನದವನ ಹಾಗೆ ಮುಖ ಬೆಳಗುತ್ತಿತ್ತು.

ನಾನು ಅವನನ್ನೇ ನೋಡುತ್ತಾ ನಿಂತೆ. ಸ್ವಲ್ಪ ಹೊತ್ತಿನ ಮೇಲೆ ಅವನ ಹೆಗಲು ಎರಡು ಸಲ ಸಣ್ಣಗೆ ಅಲುಗಿತು, ಆಮೇಲೆ ಎದೆ ಒಮ್ಮೆ ದೊಡ್ಡದಾಗಿ ಎದ್ದು ಬಿತ್ತು. ಕಣ್ಣು ಗೋಡೆ ಬಿಟ್ಟು ಕದಲಲಿಲ್ಲ. ತಾನು ಕೆಮ್ಮಿದ್ದು ಅವನ ಗಮನಕ್ಕೇ ಬರಲಿಲ್ಲ. ಮರುಕ್ಷಣವೇ ಎದುರಿನ ಗೋಡೆಯಿಂದ ಆ ಕೆಮ್ಮು ತಿರುಗಿ ಬಂತು. ಅವನು ತಲೆಯಾಡಿಸಿ ನಕ್ಕ.

ದುಂಡು ಗೋಡೆಗೆ ಆ ಗುಣವಿದೆ, ಒಂದು ಮಗ್ಗುಲಲ್ಲಿ ಹೊರಟ ಸದ್ದನ್ನು ಹೊತ್ತುಕೊಂಡು ಹೋಗಿ ಎದುರಿನ ಮಗ್ಗುಲಲ್ಲಿ ಇಳಿಸುತ್ತದೆ. ನಮ್ಮ ಕೆಲಸದಲ್ಲಿ ಎಲ್ಲರೂ ಕೆಮ್ಮುವವರೇ. ಪಕ್ಕದವನ ಕೆಮ್ಮನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ, ಕೆಮ್ಮುವವನಂತೂ ಹಾಕಿಕೊಳ್ಳುವುದೇ ಇಲ್ಲ. ಯಾರೂ ಇಲ್ಲದ ಕಡೆಯಿಂದ ಬಂದಾಗ ಮಾತ್ರ ಎಲ್ಲರಿಗೂ ಕೇಳಿಸಿತು. ದೆವ್ವ ಇಲ್ಲ ಎಂದು ತಿಳಿದರೆ ಮನುಷ್ಯನಿಗೆ ಸಮಾಧಾನವಾಗಬೇಕು. ನನಗೆ ಆದದ್ದು ದಿಗಿಲು. ಮಲ್ಲಪ್ಪನನ್ನು ಕೊಂದದ್ದು ಈಗ ತಮ್ಮನ ಎದೆಯಲ್ಲಿ ಕೂತು, ಅದೇ ದನಿಯಲ್ಲಿ ಕೆಮ್ಮುತ್ತಿತ್ತು.

ಹೇಗೆ ಹೇಳುವುದು? ಗೋಡೆಯ ಗುಣ ವಿವರಿಸಿದರೆ ನಂಬುವವನಲ್ಲ. ಹಾಗೆಂದು ಸುಮ್ಮನಿದ್ದರೆ ದಿನಾ ಇಲ್ಲಿ ಬಂದು, ಅಣ್ಣನ ಆಸೆಗೆ, ಅಣ್ಣನನ್ನು ತಿಂದ ದೂಳನ್ನೇ ಉಸಿರಾಡುತ್ತಾ ಮಲಗುತ್ತಾನೆ.

“ಭೀಮರಾಯ, ನೀ ಅವನ್ನ ಕರದೀ ಏನು?” ಎಂದು ಕೇಳಿದೆ.

“ಇಲ್ರಿ. ಕರದ್ರ ಎದ್ದು ಹೋಗಿಬಿಟ್ಟಾನು ಅಂತ ಅಂಜಕಿ.”

“ಒಮ್ಮಿ ಕರಿ.”

ಅವನು ಎದುರಿನ ಗೋಡೆಯನ್ನೊಮ್ಮೆ ನೋಡಿದ. ಆಮೇಲೆ ಎದ್ದು ನಿಂತು, ಕೈ ಬಾಯಿಯ ಹತ್ತಿರ ಹಿಡಿದು, ಹೊಲದ ಬದುವಿನಿಂದ ಕೂಗುವ ಹಾಗೆ ಕೂಗಿದ. “ಅಣ್ಣಾ!”

ಬಾವಿ ಆ ಕೂಗನ್ನು ತೆಗೆದುಕೊಂಡಿತು. ಆಮೇಲೆ ಎದುರಿನ ಗೋಡೆಯಿಂದ, ಅವನಷ್ಟೇ ಆಸೆಯಿಂದ, ತಿರುಗಿ ಕೊಟ್ಟಿತು. “ಅಣ್ಣಾ!”

ಭೀಮರಾಯನ ಮುಖದ ನಗು ಅಲ್ಲಿಯೇ ನಿಂತಿತು.

“ನಿಮ್ಮಣ್ಣ ನಿನ್ನ ಏನಂತ ಕರೀತಿದ್ದ?” ಎಂದೆ.

ಅವನು ಇನ್ನೊಮ್ಮೆ, ಈ ಸಲ ಮೆಲ್ಲಗೆ, ಬೇಡುವ ಹಾಗೆ ಕರೆದ. “ಅಣ್ಣಾ…” ಬಾವಿಯೂ ಮೆಲ್ಲಗೆ ಹೇಳಿತು. “ಅಣ್ಣಾ…” ಯಾರೋ ಅವನನ್ನೇ ಅಣ್ಣನೆಂದುಕೊಂಡು ಕತ್ತಲೆಯಿಂದ ಹುಡುಕುತ್ತಿರುವ ಹಾಗಿತ್ತು.

“ತಮ್ಮಾ ಅಂತಿದ್ದ್ರಿ,” ಎಂದ ಭೀಮರಾಯ. “ಹುಟ್ಟಿದಾಗಿಂದ ತಮ್ಮಾ ಅಂತs ಕರದಾನ. ಆತ ನನಗ ಅಣ್ಣಾ ಅನ್ನಾಂವಲ್ರಿ.”

ಆಗ ಅವನಿಗೆ ಕೆಮ್ಮು ಬಂತು. ಈ ಸಲ ಬಂದದ್ದು ಅವನಿಗೆ ಗೊತ್ತಾಯಿತು. ಎದೆಯ ಮೇಲೆ ಅಂಗೈ ಇಟ್ಟುಕೊಂಡು, ಗೋಡೆಯನ್ನೇ ನೋಡುತ್ತಾ ಕಾದ. ಅದು ಬಂತು. ಎರಡು ಸಣ್ಣದು, ಒಂದು ದೊಡ್ಡದು, “ಹ್ಮ್”.

“ಕೆಮ್ಮಾಕತ್ತಾಂವ ನಾನs ಏನ್ರಿ ಹಂಗಾದ್ರ?”

“ಹೌದಪ್ಪ” ಎಂದೆ.

ತನ್ನ ಎದೆಯ ಬಗ್ಗೆ ಕೇಳುತ್ತಾನೆ ಎಂದು ನಾನು ಕಾದೆ. ಡಾಕ್ಟರ ಮಾತು, ಎಕ್ಸ್‌ರೇ, ಬೇಗ ದೂಳು ಬಿಟ್ಟರೆ ಬದುಕಬಹುದು ಎಂಬುದನ್ನೆಲ್ಲ ಮನಸ್ಸಿನಲ್ಲಿ ಜೋಡಿಸಿಕೊಂಡಿದ್ದೆ. ಅವನು ಅದನ್ನು ಕೇಳಲಿಲ್ಲ.

“ಅಂದ್ರ ಅಣ್ಣ ಇಲ್ಲಿ ಇಲ್ಲೇನ್ರಿ?”

“ಇಲ್ಲ.”

ಕುಸಿದು ಕೂತು ಅತ್ತ. ಅಣ್ಣ ಸತ್ತ ದಿನ ಅವನು ಹೀಗೆ ಅತ್ತಿರಲಿಲ್ಲ. ಅವನ ಅಳು ಎದುರಿನ ಗೋಡೆಯಿಂದಲೂ ಕೇಳಿಸುತ್ತಿತ್ತು. ಅಲ್ಲಿಯೂ ಯಾರೋ ಕೂತು ಅಳುತ್ತಿರುವ ಹಾಗೆ ಕೇಳುವುದನ್ನು ತಡೆಯಲಾರದೆ, ಮಾಸ್ಕನ್ನು ಅವನ ಮುಖಕ್ಕೆ ಎಳೆದು ಕೂರಿಸಿ, ರೆಟ್ಟೆ ಹಿಡಿದು ಏಣಿ ಹತ್ತಿಸಿದೆ.

ಅವನ ಎದೆಯ ಎಕ್ಸ್‌ರೇ ತೆಗೆಸಿದಾಗ ಬಿಳಿ ಚುಕ್ಕೆಗಳು ಕಂಡವು. ಅಂದಿನಿಂದ ಭೀಮರಾಯನ ಕೈಗೆ ಕಟರ್ ಕೊಡಲಿಲ್ಲ. ವಿಷಯ ತಿಳಿದ ದೇಸಾಯಿ ಸಾಹೇಬರು ಸ್ವತಃ ಬಂದರು. ಕಿಂಡಿಯಿಂದ ಒಳಗೆ ಬಗ್ಗಿ ನೋಡಿ, ಮಷೀನು ಬರುವ ತನಕ ಬಾವಿಯ ಕೆಲಸ ಬಂದ್ ಎಂದರು. ನದಿ ಏರಿದರೆ ಏರಲಿ ಎಂದರು. ಗ್ರೈಂಡರಿನ ಬಾಯಿಗೆ ಮುಚ್ಚಳ ಕೂರಿಸಿ, ಕೊಳವೆಯಿಂದ ದೂಳನ್ನು ಹುಟ್ಟಿದಲ್ಲಿಯೇ ಎಳೆದುಕೊಳ್ಳುವ ಮಷೀನು ಬಂತು. ಉದ್ದನೆಯ ಬಟ್ಟೆಯ ಕೊಳವೆಯ ಫ್ಯಾನು ಬಂತು. ಅದು ತಳದ ಗಾಳಿಯನ್ನು ಎಳೆದು ಯಾರೂ ನಿಲ್ಲದ ಕಡೆಗೆ, ಹೊರಗೆ ಹಾಕುತ್ತಿತ್ತು. ನಡುಹಗಲಿನ ಬೆಳಕಿನ ಕಂಬದಲ್ಲಿ ನೋಡಿದೆ, ಖಾಲಿಯಿತ್ತು.

ಭೀಮರಾಯನಿಗೆ ಕಿಂಡಿಯ ಮೇಲಿನ ಕೆಲಸ ಕೊಟ್ಟೆ. ಗಡ್ಡ ಬಿಟ್ಟು ಬಂದವನನ್ನು ಅವನು ಇಳಿಯಲು ಬಿಡುತ್ತಿರಲಿಲ್ಲ, ಕೂದಲಿದ್ದರೆ ಮಾಸ್ಕು ಮುಖಕ್ಕೆ ಅಂಟುವುದಿಲ್ಲ. ಎರಡೂ ಫಿಲ್ಟರು ಅಂಗೈಯಿಂದ ಮುಚ್ಚಿ ಉಸಿರೆಳೆಯಲು ಹೇಳುತ್ತಿದ್ದ. ಮಾಸ್ಕು ಒಳಕ್ಕೆ ಕಚ್ಚಿಕೊಂಡರೆ ಇಳಿ, ಗಾಳಿ ನುಸುಳಿದರೆ ಮತ್ತೆ ಕಟ್ಟು. ಹೊಸಬರು ಬೇಸರಪಟ್ಟರೆ ತಾನೊಮ್ಮೆ ಕೆಮ್ಮಿ ತೋರಿಸುತ್ತಿದ್ದ. “ಈ ಕೆಮ್ಮ ನೆನಪಿಟ್ಟಕೋರಿ. ನಿಮ್ಮ ಬಾಯಾಗಿಂದ ಬಂದ್ರ ನಿಮಗ ಗೊತ್ತಾಗಂಗಿಲ್ಲ” ಎನ್ನುತ್ತಿದ್ದ.

ನಾಗಮ್ಮ ಮಾತ್ರ ನನ್ನೊಡನೆ ಬಹಳ ದಿನ ಮಾತು ಬಿಟ್ಟಿದ್ದಳು. ಒಮ್ಮೆ ಕೇಳಿಯೇಬಿಟ್ಟಳು. “ಬೀಗ ಹಾಕಿದ್ರ ಸಾಕಿತ್ತಲ್ರಿ. ಅಣ್ಣ ಇಲ್ಲ ಅಂತ ಯಾಕ ಹೇಳಿದ್ರಿ? ಈಗ ಆತಗ ನಿದ್ದೀನೇ ಇಲ್ಲ.” ನಿಜ ಹೇಳದಿದ್ದರೆ ಅವನು ಬೀಗ ಒಡೆದಾದರೂ ಇಳಿಯುತ್ತಿದ್ದ ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ.

ಡಾಕ್ಟರು ಅಂದುಕೊಂಡದ್ದಕ್ಕಿಂತ ಹೆಚ್ಚು ವರ್ಷ ಭೀಮರಾಯ ಬದುಕಿದ. ಮಗಳ ಮದುವೆ ನೋಡಿದ. ನಾನು ನಿವೃತ್ತನಾದ ಮೇಲೆ, ಅವನನ್ನು ಕಲಬುರಗಿಯ ದವಾಖಾನೆಗೆ ಸೇರಿಸಿದ್ದಾರೆ ಎಂದು ತಿಳಿದು ಹೋದೆ. ಮಧ್ಯಾಹ್ನದ ಹೊತ್ತು. ಉದ್ದನೆಯ ವಾರ್ಡಿನಲ್ಲಿ ಮಂಚಗಳ ಸಾಲು, ಆ ಕೊನೆಯಿಂದ ಈ ಕೊನೆಯವರೆಗೆ ಕೆಮ್ಮುವವರೇ. ಮೂಗಿಗೆ ಆಕ್ಸಿಜನ್ ಕೊಳವೆ ಹಾಕಿಕೊಂಡು ದಿಂಬಿಗೆ ಒರಗಿದ್ದ. ಅಷ್ಟು ಗಟ್ಟಿಯಾಗಿ ಕಟರ್ ಹಿಡಿದ ಕೈ ಹೊದಿಕೆಯ ಮೇಲೆ ಸುಮ್ಮನೆ ಬಿದ್ದಿತ್ತು. ನಾಗಮ್ಮ ಸ್ಟೂಲು ನನ್ನ ಕಡೆ ತಳ್ಳಿದಳು. ನಾನು ಕೂತು ಅವನ ಕೈ ಹಿಡಿದುಕೊಂಡೆ.

ಅವನಿಗೆ ಕೆಮ್ಮು ಬಂತು. ಎರಡು ಸಣ್ಣದು, ಆಮೇಲೆ ಎಳೆದು ಎಳೆದು ಒಂದು ದೊಡ್ಡದು. ಮುಗಿಸುವಷ್ಟರಲ್ಲಿ ಸುಸ್ತಾಗಿಹೋದ. ಕಣ್ಣು ಅರ್ಧ ತೆರೆದು, ಎದುರಿನ ಸುಣ್ಣದ ಗೋಡೆಯನ್ನು ನೋಡಿದ.

“ಸಾಹೇಬ್ರ, ಈಗ ಕೆಮ್ಮಿದಾಂವ ಯಾರ್ರಿ?”

ನಾಗಮ್ಮ ನನ್ನನ್ನೇ ನೋಡುತ್ತಿದ್ದಳು.

“ನಿಮ್ಮಣ್ಣ” ಎಂದೆ.

ಅವನ ತುಟಿ ಅಲುಗಿತು. “ಏನರ ಅಂದನೇನ್ರಿ?”

“ತಮ್ಮಾ ಅಂದ.”

ಭೀಮರಾಯ ತಲೆಯಾಡಿಸಿ, ಗೋಡೆಯ ಕಡೆಗೆ ಹೊರಳಿ ಕಣ್ಣು ಮುಚ್ಚಿದ. ಸ್ವಲ್ಪ ಹೊತ್ತಿಗೆ ಅವನಿಗೆ ನಿದ್ದೆ ಹತ್ತಿತು.